ಸೊನ್ನೆ ಅಂಕದ ಒಂದು ಉತ್ತರ

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಬಳಿ ಬೇರೇನು ಇಲ್ಲದಿದ್ದರೂ ತಮಾಷೆಯ ಉತ್ತರಗಳ ಒಂದು ಗಂಟು ಇದ್ದೇ ಇರುತ್ತದೆ. ಮದುವೆ ಮನೆಯಲ್ಲಿ ಊಟದ ಸರದಿಗೆ ಕಾಯುವಾಗ, ದೂರದ ಬಸ್ಸಿನಲ್ಲಿ, ನಿವೃತ್ತರು ಸೇರುವ ಚಹಾದಂಗಡಿಯಲ್ಲಿ ಆ ಗಂಟನ್ನು ಬಿಚ್ಚಿದರೆ ಅರ್ಧ ಗಂಟೆ ಸುಲಭವಾಗಿ ಕಳೆಯುತ್ತದೆ. ನನ್ನ ಗಂಟಿನಲ್ಲೂ ಒಂದು ಉತ್ತರ ಇತ್ತು. ಎಲ್ಲಿ ಹೇಳಿದರೂ ಜನ ನಗುತ್ತಿದ್ದರು. ಇನ್ನು ಮುಂದೆ ಅದನ್ನು ನಗಿಸಲಿಕ್ಕಾಗಿ ಹೇಳಬಾರದೆಂದು ತೀರ್ಮಾನಿಸಿದ್ದೇನೆ. ಯಾಕೆಂದು ತಿಳಿಸಲು ಇಲ್ಲಿ ಕೊನೆಯ ಸಲ ಹೇಳುತ್ತೇನೆ.

ಅದು 1991ರ ಮಾತು. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. 'ಗುರುತ್ವಾಕರ್ಷಣೆ ಎಂದರೇನು?' ಎಂಬುದು ಎರಡು ಅಂಕದ ಪ್ರಶ್ನೆ. ಕೊನೆಯ ಬೆಂಚಿನ ಹುಡುಗನೊಬ್ಬ ಹೀಗೆ ಬರೆದಿದ್ದ: 'ಗುರುಗಳ ಮೇಲೆ ಶಿಷ್ಯರಿಗೆ ಇರುವ ಆಕರ್ಷಣೆಗೆ ಗುರುತ್ವಾಕರ್ಷಣೆ ಎನ್ನುತ್ತಾರೆ. ಇದು ಒಳ್ಳೆಯ ಗುರುಗಳಲ್ಲಿ ಹೆಚ್ಚು ಇರುತ್ತದೆ.'

ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು ಸೊನ್ನೆ ಸುತ್ತಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಉತ್ತರ ಪತ್ರಿಕೆ ಹಂಚುವ ದಿನ ಅದನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗು ನನಗೆ ಹಿತವೆನಿಸಿತು. "ಹಾಗಾದರೆ ನನ್ನ ಮೇಲೆ ನಿನಗೆ ಎಷ್ಟು ಆಕರ್ಷಣೆ ಉಂಟು ಮಾರಾಯ?" ಎಂದು ಕೇಳಿದೆ. ನಗು ಇಮ್ಮಡಿಯಾಯಿತು. ಹುಡುಗ ಎದ್ದು ನಿಂತವನು ತಲೆ ತಗ್ಗಿಸಿಯೇ ಕುಳಿತ. ಆ ದಿನದಿಂದ ಶಾಲೆಯಲ್ಲಿ ಅವನ ಹೆಸರು 'ಗುರುತ್ವ' ಎಂದಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ನಪಾಸಾದ. ಮತ್ತೆ ಕಟ್ಟಲಿಲ್ಲ. ಊರು ಬಿಟ್ಟು ಎಲ್ಲಿಗೋ ಹೋದ ಎಂದು ಕೇಳಿದ್ದೆ. ಅವನು ಹೋದರೂ ಅವನ ಉತ್ತರ ನನ್ನ ಬಳಿ ಉಳಿಯಿತು. ಹೆಸರು ಹೇಳದೆ ಮೂವತ್ತನಾಲ್ಕು ವರ್ಷ ಅದರಿಂದ ಜನರನ್ನು ನಗಿಸಿದೆ.

ಕಳೆದ 2025ರ ಜುಲೈ ತಿಂಗಳ ಕೊನೆಯಲ್ಲಿ, ಜೋರು ಮಳೆಯ ಒಂದು ಸಂಜೆ, ಒಬ್ಬ ಗಂಡಸು ಒಂದು ಹುಡುಗಿಯ ಜತೆ ನಮ್ಮ ಜಗಲಿ ಹತ್ತಿದರು. ಕೊಡೆ ಮಡಚಿ ಗೋಡೆಗೆ ಒರಗಿಸಿ, ಸಲಾಂ ಹೇಳಿ, "ಸಾರ್, ಗುರ್ತ ಸಿಕ್ಕಿತಾ?" ಎಂದರು. ನನಗೆ ಸಿಗಲಿಲ್ಲ. ಆಗ ಅವರು ನಕ್ಕು ಹೇಳಿದರು: "ನಾನು ಸಾರ್. ಗುರುತ್ವ."

ಅವರು ನಕ್ಕರು, ನನಗೆ ನಗಲಾಗಲಿಲ್ಲ.

ಈಗ ಅವರು ಸೌದಿಯಲ್ಲಿ ಕ್ರೇನ್ ನಡೆಸುತ್ತಾರೆ. ರಜೆಯಲ್ಲಿ ಬಂದಿದ್ದರು. ಜತೆಗಿದ್ದವಳು ಮಗಳು, ಒಂಬತ್ತನೇ ತರಗತಿ. ಅವಳಿಗೊಂದು ಸಂಶಯ. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಶುಭಾಂಶು ಶುಕ್ಲಾ ಅವರ ಸುದ್ದಿ. ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿ, ಜುಲೈ 15ರಂದು ಮರಳಿದ್ದರು. ಅಲ್ಲಿ 'ಶೂನ್ಯ ಗುರುತ್ವ' ಇರುವುದರಿಂದ ಮನುಷ್ಯರು ತೇಲುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ್ದಳು. "ಸಾರ್, ಅಲ್ಲಿ ಗುರುತ್ವ ಸೊನ್ನೆಯಾದರೆ ಆ ನಿಲ್ದಾಣ ಭೂಮಿಗೆ ಸುತ್ತು ಹಾಕುವುದು ಹೇಗೆ? ನೆಟ್ಟಗೆ ಎಲ್ಲಿಗಾದರೂ ಹೋಗಿಬಿಡಬೇಕಲ್ಲ?"

ಮೂವತ್ತು ವರ್ಷದ ಪಾಠದಲ್ಲಿ ಈ ಪ್ರಶ್ನೆ ಕೇಳಿದವರು ಬೆರಳೆಣಿಕೆಯ ಮಕ್ಕಳು. "ನನಗೆ ಗೊತ್ತಿಲ್ಲ, ಆದರೆ ಗೊತ್ತಿರುವ ಒಬ್ಬರು ಮಾಸ್ಟ್ರು ಇದ್ದಾರೆ ಅಂತ ಹೇಳಿ ಕರ್ಕೊಂಡು ಬಂದೆ" ಎಂದರು ತಂದೆ. ಮಗ್ರಿಬ್‌ನ ಹೊತ್ತಾಗಿತ್ತು. ಮರುದಿನ ಆದಿತ್ಯವಾರ, ಬೆಳಿಗ್ಗೆ ಬನ್ನಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಒಂದು ರಾತ್ರಿಯ ಸಮಯ ಬೇಕಿತ್ತು. ಮಗಳ ಪ್ರಶ್ನೆಗೆ ಉತ್ತರ ಗೊತ್ತಿತ್ತು. ತಂದೆಯ ಹಳೆಯ ಉತ್ತರವನ್ನು ಮೊದಲ ಸಲ ಸರಿಯಾಗಿ ಓದಬೇಕಿತ್ತು.

ಆ ಹುಡುಗ ತಪ್ಪು ಮಾಡಿದ್ದು ಎಲ್ಲಿ? ಅವನಿಗೆ 'ಗುರು' ಗೊತ್ತಿತ್ತು, 'ಆಕರ್ಷಣೆ' ಗೊತ್ತಿತ್ತು. ಎರಡನ್ನೂ ಕೂಡಿಸಿ ಅರ್ಥ ಮಾಡಿದ. ಶಬ್ದವನ್ನು ಬಾಯಿಪಾಠ ಮಾಡಿ ಮರೆತವನಿಗಿಂತ ಇವನು ಹೆಚ್ಚು ಕೆಲಸ ಮಾಡಿದ್ದಾನೆ. ಅವನಿಗೆ ತಿಳಿಯದೇ ಇದ್ದದ್ದು ಒಂದೇ: ಸಂಸ್ಕೃತದಲ್ಲಿ 'ಗುರು' ಎಂದರೆ ಭಾರವಾದದ್ದು, ತೂಕವುಳ್ಳದ್ದು ಎಂದೂ ಅರ್ಥ. ಕಲಿಸುವವನಿಗೂ ಅದೇ ಶಬ್ದ. ಗೌರವಕ್ಕೆ ಅರ್ಹನಾದವನು ತೂಕದವನು ಎಂಬ ಭಾವನೆ ಅದರ ಹಿಂದಿದೆ.

ಇದನ್ನು ನಮ್ಮ ಮಾತೇ ದಿನವೂ ಹೇಳುತ್ತದೆ. ತೂಕದ ಮಾತು, ತೂಕದ ಮನುಷ್ಯ ಎನ್ನುತ್ತೇವೆ. ಹಗುರವಾಗಿ ಮಾತಾಡಬೇಡ ಎಂದು ಗದರುತ್ತೇವೆ. ಸಾವಿನ ಮನೆಯಿಂದ ಬಂದರೆ ಎದೆ ಭಾರ, ಸಾಲ ತೀರಿದರೆ ಮನಸ್ಸು ಹಗುರ. ಪತ್ರಿಕೆಗಳಲ್ಲಿ 'ಗುರುತರ ಹೊಣೆ', 'ಗುರುತರ ಆರೋಪ' ಎಂದು ಓದುತ್ತೇವೆ. ಅಲ್ಲಿಯ 'ಗುರು' ಮೇಷ್ಟ್ರಲ್ಲ, ಭಾರ. ಛಂದಸ್ಸಿನ ಪಾಠದಲ್ಲೂ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನನ್ನ ವಿಜ್ಞಾನದ ತರಗತಿಗೆ ಮೊದಲಿನ ಪೀರಿಯಡ್ಡಿನಲ್ಲಿ ಕನ್ನಡ ಪಂಡಿತರು ಅದೇ ಮಕ್ಕಳಿಗೆ ಗುರು-ಲಘು ಕಲಿಸುತ್ತಿದ್ದರು. ಹಲಗೆಯ ಮೇಲೆ ಅವರು ಬಿಟ್ಟುಹೋದ ಗೆರೆಗಳನ್ನು ಒರೆಸಿಯೇ ನಾನು ಪಾಠ ಶುರು ಮಾಡುತ್ತಿದ್ದೆ. ಒರೆಸುವ ಮೊದಲು "ನೋಡಿ ಮಕ್ಕಳೇ, ಈ ಗುರುವೇ ಆ ಗುರು" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ವಿನೋದವೆಂದರೆ, 'ಗುರು' ಎಂಬ ಶಬ್ದಕ್ಕೆ ಪ್ರಸ್ತಾರ ಹಾಕಿದರೆ ಎರಡೂ ಅಕ್ಷರ ಲಘುವೇ.

ಇಂಗ್ಲಿಷಿನ 'ಗ್ರಾವಿಟಿ'ಯ ಕತೆಯೂ ಇದೇ. ಅದು ಬಂದದ್ದು ಭಾರ ಎಂಬ ಅರ್ಥದ ಲ್ಯಾಟಿನ್ 'ಗ್ರಾವಿಸ್' ಶಬ್ದದಿಂದ. ಗಂಭೀರತೆಗೂ ಅವರು ಅದೇ ಶಬ್ದ ಬಳಸುತ್ತಾರೆ. ಭಾಷಾಶಾಸ್ತ್ರಜ್ಞರ ಪ್ರಕಾರ ಲ್ಯಾಟಿನ್ನಿನ 'ಗ್ರಾವಿಸ್' ಮತ್ತು ಸಂಸ್ಕೃತದ 'ಗುರು' ಒಂದೇ ಬೇರಿನ ಎರಡು ಚಿಗುರು. ಉರ್ದುವಿನಲ್ಲಿ 'ಕಶಿಶೆ ಸಿಕ್ಲ್' ಎನ್ನುತ್ತಾರೆ. ಕಶಿಶ್ ಎಂದರೆ ಸೆಳೆತ, ಸಿಕ್ಲ್ ಎಂದರೆ ಭಾರ. ಆ ಭಾರದ ಶಬ್ದ ಅರಬಿಯಿಂದ ಬಂದದ್ದು. ಝಕಾತಿನ ಲೆಕ್ಕದಲ್ಲಿ ಇಪ್ಪತ್ತು ಮಿಸ್ಕಾಲ್ ಚಿನ್ನ ಎಂದು ಮದ್ರಸದಲ್ಲಿ ಕಲಿಯುತ್ತೇವಲ್ಲ, ಆ 'ಮಿಸ್ಕಾಲ್' ಕೂಡ ಅದೇ ಮೂಲದ್ದು. ಅಂದರೆ ಆ ಹುಡುಗನಿಗೆ ಗುರುತ್ವದ ಅರ್ಧ ಭಾಗವನ್ನು ತಿಳಿಸಲು ಬೇಕಾದ ಶಬ್ದ ಅವನ ಮದ್ರಸದ ಚೀಲದಲ್ಲೇ ಇತ್ತು. ತೆಗೆದು ತೋರಿಸಬೇಕಾದವನು ನಾನಾಗಿದ್ದೆ.

ನಾನೂ ಅದೇ ದಾರಿಯಲ್ಲಿ ನಡೆದವನು. ಮನೆಯಲ್ಲಿ ಬ್ಯಾರಿ, ಬೆಳಿಗ್ಗೆ ಮದ್ರಸದಲ್ಲಿ ಅರಬಿ ಮಲಯಾಳಂ, ಪೇಟೆಯಲ್ಲಿ ತುಳು, ಶಾಲೆಗೆ ಬಂದರೆ ಕನ್ನಡ. ವಿಜ್ಞಾನದ ಪುಸ್ತಕ ತೆರೆದರೆ ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ. ಇಷ್ಟು ಭಾಷೆಗಳನ್ನು ದಾಟಿ ಬರುವ ಮಗು 'ಗುರುತ್ವಾಕರ್ಷಣೆ'ಯ ಎದುರು ನಿಂತಾಗ ಅದಕ್ಕೆ ಏನನಿಸುತ್ತದೆ ಎಂಬುದು ಆ ಶಾಲೆಯಲ್ಲಿ ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿದಿರಲಿಲ್ಲ. ಹಾಗಿದ್ದೂ ನಕ್ಕೆ. ಕಾರಣ ಹುಡುಕುತ್ತಾ ಹೋದರೆ ಸಿಗುವುದು ನನಗೆ ಇಷ್ಟವಿಲ್ಲದ ಉತ್ತರ. "ಬ್ಯಾರಿಗಳ ಕನ್ನಡ" ಎಂದು ಅಣಕಿಸುವುದನ್ನು ಚಿಕ್ಕಂದಿನಿಂದ ಕೇಳಿದ್ದ ನಾನು, ನನ್ನ ಕನ್ನಡ ಅಚ್ಚುಕಟ್ಟು ಎಂದು ತೋರಿಸಿಕೊಳ್ಳಲು ಪಣ ತೊಟ್ಟಿದ್ದೆ. ಆ ಹುಡುಗನ ಉತ್ತರಕ್ಕೆ ಎಲ್ಲರಿಗಿಂತ ಮೊದಲು ನಾನೇ ನಕ್ಕರೆ ನಾನು ಅವನ ಕಡೆಯವನಲ್ಲ ಎಂದು ಸಾಬೀತಾಗುತ್ತಿತ್ತು. ಸೊನ್ನೆ ಹಾಕಿದ್ದು ತಪ್ಪಲ್ಲ. ಪ್ರಶ್ನೆ ವಿಜ್ಞಾನದ್ದು, ಉತ್ತರ ವಿಜ್ಞಾನದ್ದಾಗಿರಲಿಲ್ಲ. ಓದಿ ಹೇಳಿದ್ದು ತಪ್ಪು.

ಶಬ್ದದ ಬಗ್ಗೆ ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಶಬ್ದ ಹಳೆಯದಿದ್ದ ಮಾತ್ರಕ್ಕೆ ವಿಜ್ಞಾನವೂ ಅಷ್ಟೇ ಹಳೆಯದು ಎಂದಾಗುವುದಿಲ್ಲ. ಭಾಷಣಗಳಲ್ಲಿ ಎರಡು ಬಗೆಯ ಮಾತು ಕೇಳುತ್ತೇವೆ. ಒಂದು ವೇದಿಕೆಯಲ್ಲಿ ನ್ಯೂಟನ್‌ಗಿಂತ ಐನೂರು ವರ್ಷ ಮೊದಲೇ ಭಾಸ್ಕರಾಚಾರ್ಯರು ಗುರುತ್ವ ಕಂಡುಹಿಡಿದಿದ್ದರು ಎನ್ನುತ್ತಾರೆ. ಇನ್ನೊಂದು ವೇದಿಕೆಯಲ್ಲಿ ಅದು ಮುಸ್ಲಿಂ ವಿಜ್ಞಾನಿಗಳ ಕೊಡುಗೆ ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ, ಆದ್ದರಿಂದಲೇ ಎರಡೂ ದಾರಿ ತಪ್ಪಿಸುತ್ತವೆ.

ಅಲ್ ಖಾಝಿನಿ ಎಂಬ ವಿದ್ವಾಂಸರು ಇಂದಿನ ತುರ್ಕ್‌ಮೆನಿಸ್ತಾನದ ಮರ್ವ್ ಪಟ್ಟಣದಲ್ಲಿ 1121ರ ಸುಮಾರಿಗೆ 'ಮೀಝಾನುಲ್ ಹಿಕ್ಮ', ಅಂದರೆ 'ವಿವೇಕದ ತಕ್ಕಡಿ' ಎಂಬ ಗ್ರಂಥ ಬರೆದರು. ಇವರು ಮೊದಲು ಗುಲಾಮರಾಗಿದ್ದು ಆಮೇಲೆ ಬಿಡುಗಡೆ ಪಡೆದವರು. ವಸ್ತುವನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ ಚಿನ್ನ ಶುದ್ಧವೋ ಬೆರಕೆಯೋ ಎಂದು ಹೇಳಬಲ್ಲ ಸೂಕ್ಷ್ಮ ತಕ್ಕಡಿಯ ವಿವರ ಅದರಲ್ಲಿದೆ. ಒಂದು ವಸ್ತುವಿನ ಭಾರ ಅದು ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವಲಂಬಿಸುತ್ತದೆ ಎಂದೂ ಅವರು ಯೋಚಿಸಿದ್ದರು. ಮೂವತ್ತು ವರ್ಷದ ಬಳಿಕ, 1150ರಲ್ಲಿ, ಭಾಸ್ಕರಾಚಾರ್ಯರು 'ಸಿದ್ಧಾಂತ ಶಿರೋಮಣಿ' ಬರೆದರು. ಭೂಮಿಗೆ ಆಕರ್ಷಿಸುವ ಶಕ್ತಿ ಇದೆ, ಅದು ಭಾರವಾದ ವಸ್ತುಗಳನ್ನು ತನ್ನೆಡೆಗೆ ಎಳೆಯುತ್ತದೆ ಎಂಬ ವಿಚಾರ ಅದರಲ್ಲಿದೆ. ಒಂದೇ ಶತಮಾನದಲ್ಲಿ ಇಬ್ಬರು ದೊಡ್ಡ ಬುದ್ಧಿಶಾಲಿಗಳು ಭಾರದ ಬಗ್ಗೆ ಆಳವಾಗಿ ಚಿಂತಿಸಿದರು ಎಂಬುದೇ ಸಾಕಷ್ಟು ಹೆಮ್ಮೆಯ ವಿಷಯ. ಅವರು ಹೇಳದ್ದನ್ನು ಅವರ ಬಾಯಲ್ಲಿ ಹಾಕುವ ಅಗತ್ಯವಿಲ್ಲ.

ಹಾಗಾದರೆ 1687ರಲ್ಲಿ ನ್ಯೂಟನ್ ಮಾಡಿದ್ದೇನು? ಹಣ್ಣು ಕೆಳಗೆ ಬೀಳುತ್ತದೆ ಎಂದು ಕಂಡುಹಿಡಿದದ್ದಲ್ಲ. ಅದು ತೆಂಗಿನಮರದ ಕೆಳಗೆ ನಿಲ್ಲಬೇಡ ಎಂದು ಮೊಮ್ಮಗನಿಗೆ ಹೇಳುವ ಅಜ್ಜಿಗೂ ಗೊತ್ತು. ಸೇಬು ಅವನ ತಲೆಯ ಮೇಲೆ ಬಿತ್ತು ಎಂಬುದೂ ಆಮೇಲಿನವರ ಅಲಂಕಾರ. ಸೇಬು ಬೀಳುವುದನ್ನು ಕಂಡು ಯೋಚನೆ ಹೊಳೆಯಿತು ಎಂದಷ್ಟೇ ಅವನು ಮುದಿತನದಲ್ಲಿ ಸ್ನೇಹಿತನಿಗೆ ಹೇಳಿದ್ದ. ಅವನ ಸಾಹಸ ಇರುವುದು ಸೇಬನ್ನೂ ಚಂದ್ರನನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆದುದರಲ್ಲಿ. ಭೂಮಿಯ ಕೇಂದ್ರದಿಂದ ನಾವು ಎಷ್ಟು ದೂರ ಇದ್ದೇವೋ ಅದರ ಸುಮಾರು 60 ಪಟ್ಟು ದೂರದಲ್ಲಿ ಚಂದ್ರ ಇದ್ದಾನೆ. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಅಲ್ಲಿ ಅದು 3600ರಲ್ಲಿ ಒಂದು ಪಾಲು ಇರಬೇಕು. ಇಲ್ಲಿ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಚಂದ್ರ ಒಂದು ಸೆಕೆಂಡಿನಲ್ಲಿ ತನ್ನ ನೇರ ದಾರಿ ಬಿಟ್ಟು ಭೂಮಿಯ ಕಡೆ ಬೀಳುವುದು ಸುಮಾರು 1.4 ಮಿಲಿಮೀಟರ್. ಭಾಗಿಸಿ ನೋಡಿ, ಲೆಕ್ಕ ತಾಳೆಯಾಗುತ್ತದೆ. ಆಕಾಶಕ್ಕೊಂದು ನಿಯಮ, ನೆಲಕ್ಕೊಂದು ನಿಯಮ ಎಂಬ ಭೇದ ಅಂದಿಗೆ ಮುಗಿಯಿತು. ಈ ಸೆಳೆತ ಯಾಕಿದೆ ಎಂದು ಕೇಳಿದರೆ ನ್ಯೂಟನ್, ಕಾರಣ ನನಗೆ ಗೊತ್ತಾಗಿಲ್ಲ, ಊಹೆ ಮಾಡುವುದೂ ಇಲ್ಲ ಎಂಬರ್ಥದಲ್ಲಿ ಬರೆದ. ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯಾಗಲಿಲ್ಲ.

ಬೆಳಿಗ್ಗೆ ತಂದೆ ಮಗಳು ಬಂದರು. ನನ್ನ ಹೆಂಡತಿ ಚಹಾ, ಅವಲಕ್ಕಿ ತಂದಿಟ್ಟಳು. ನಾನು ಅಟ್ಟದಿಂದ ನನ್ನ ತಂದೆಯ ತಕ್ಕಡಿಯನ್ನು ಇಳಿಸಿಟ್ಟಿದ್ದೆ. ಅವರದು ಸಣ್ಣ ದಿನಸಿ ಅಂಗಡಿ. ತಕ್ಕಡಿಯ ಎರಡು ತಟ್ಟೆ ಖಾಲಿ ಇರುವಾಗ ಮುಳ್ಳು ನೆಟ್ಟಗೆ ನಿಲ್ಲುತ್ತದೋ ಎಂದು ನೋಡದೆ ಅವರು ದಿನದ ಮೊದಲ ತೂಕ ಹಾಕುತ್ತಿರಲಿಲ್ಲ. ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ ಎಂದು ನನಗೆ ಮೊದಲು ಹೇಳಿದ್ದು ಅವರೇ, ಅಂಗಡಿಯಲ್ಲಿ.

"ನೋಡು ಮಗಳೇ," ಎಂದೆ. "ಈ ತಕ್ಕಡಿ ಭಾರವನ್ನು ಅಳೆಯುವುದಿಲ್ಲ, ಹೋಲಿಸುತ್ತದೆ. ಒಂದು ಕಡೆ ಕಿಲೋ ಕಲ್ಲು, ಇನ್ನೊಂದು ಕಡೆ ಅಕ್ಕಿ. ಇದನ್ನು ಚಂದ್ರನ ಮೇಲೆ ಇಟ್ಟರೂ ಮುಳ್ಳು ನೆಟ್ಟಗೇ ನಿಲ್ಲುತ್ತದೆ. ಯಾಕೆಂದರೆ ಅಲ್ಲಿ ಕಲ್ಲಿನ ಭಾರವೂ ಆರನೇ ಒಂದು ಪಾಲಾಗುತ್ತದೆ, ಅಕ್ಕಿಯದ್ದೂ ಆಗುತ್ತದೆ. ಆದರೆ ಕೊಕ್ಕೆಗೆ ತೂಗು ಹಾಕುವ ಸ್ಪ್ರಿಂಗಿನ ತಕ್ಕಡಿ ಚಂದ್ರನಲ್ಲಿ ಆರು ಕಿಲೋ ಅಕ್ಕಿಯನ್ನು ಒಂದೇ ಕಿಲೋ ಎಂದು ತೋರಿಸುತ್ತದೆ. ಅಕ್ಕಿ ಕಡಿಮೆಯಾಗಿಲ್ಲ, ಸೆಳೆತ ಕಡಿಮೆಯಾಗಿದೆ. ಕಡಿಮೆಯಾಗದೆ ಉಳಿದದ್ದಕ್ಕೆ ದ್ರವ್ಯರಾಶಿ ಎಂದು ಹೆಸರು. ಕಡಿಮೆ ಹೆಚ್ಚು ಆಗುವುದಕ್ಕೆ ತೂಕ ಎಂದು ಹೆಸರು. ಪೇಟೆಯಲ್ಲಿ ಎರಡಕ್ಕೂ ತೂಕ ಎಂದೇ ಹೇಳುತ್ತೇವೆ. ಪೇಟೆಗೆ ಅದು ಸಾಕು, ವಿಜ್ಞಾನಕ್ಕೆ ಸಾಲದು."

ಭೂಮಿಯ ಮೇಲೆಯೇ ಈ ವ್ಯತ್ಯಾಸ ಇದೆ ಎಂದೆ. ಭೂಮಧ್ಯರೇಖೆಯ ಹತ್ತಿರ ಸೆಳೆತ ತುಸು ಕಡಿಮೆ, ಧ್ರುವಗಳಲ್ಲಿ ತುಸು ಹೆಚ್ಚು. ಸಾವಿರಕ್ಕೆ ಐದು ಪಾಲಿನಷ್ಟು. ಭೂಮಧ್ಯರೇಖೆಯಲ್ಲಿ ಸರಿಮಾಡಿದ ಸ್ಪ್ರಿಂಗಿನ ತಕ್ಕಡಿಯನ್ನು ಧ್ರುವಕ್ಕೆ ಒಯ್ದರೆ ನೂರು ಕಿಲೋ ಮೂಟೆ ಸುಮಾರು ಅರ್ಧ ಕಿಲೋ ಹೆಚ್ಚು ತೂಗುತ್ತದೆ. "ಹಾಗಾದರೆ ಇಲ್ಲಿಂದ ಕೊಂಡು ಅಲ್ಲಿ ಮಾರಿದರೆ ಲಾಭ!" ಎಂದಳು ಹುಡುಗಿ. "ನನ್ನ ತಂದೆಯ ತಕ್ಕಡಿಯಲ್ಲಿ ಆ ವ್ಯಾಪಾರ ನಡೆಯುವುದಿಲ್ಲ" ಎಂದೆ.

ಅವಳ ಪ್ರಶ್ನೆಗೆ ಬಂದೆ. ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಭೂಮಿಯ ಕೇಂದ್ರದಿಂದ ನಮ್ಮ ಕಾಲ ಕೆಳಗಿನ ನೆಲಕ್ಕೇ 6,370 ಕಿಲೋಮೀಟರ್ ದೂರ ಇರುವಾಗ ಈ 400 ಏನೇನೂ ಅಲ್ಲ. ಅಲ್ಲಿಯ ಸೆಳೆತ ಇಲ್ಲಿಯದರ ನೂರಕ್ಕೆ ಸುಮಾರು 89ರಷ್ಟು ಇದೆ. "ಹಾಗಾದರೆ ತೇಲುವುದು?" ಎಂದಳು. ವಿವರಿಸಲು ಲಿಫ್ಟಿನ ಉದಾಹರಣೆ ಕೊಡಬೇಕೆಂದಿದ್ದೆ. ಅಷ್ಟರಲ್ಲಿ ಸುಮ್ಮನೆ ಕುಳಿತಿದ್ದ ತಂದೆ ಮಾತಾಡಿದರು. ನಾವು ಮಾತಾಡಿದ್ದು ಬ್ಯಾರಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಾರ್, ಕ್ರೇನಿನಲ್ಲಿ ಒಂದು ಮೀಟರ್ ಇರ್ತದೆ. ಕೊಕ್ಕೆಯಲ್ಲಿ ಎಷ್ಟು ಭಾರ ಉಂಟು ಅಂತ ತೋರಿಸ್ತದೆ. ಹತ್ತು ಟನ್ ತೂಗು ಹಾಕಿ ಸುಮ್ಮನೆ ನಿಲ್ಲಿಸಿದರೆ ಹತ್ತು. ಅದನ್ನು ಸ್ವಲ್ಪ ಬೀಸಾಗಿ ಕೆಳಗೆ ಬಿಡ್ಲಿಕ್ಕೆ ಶುರು ಮಾಡಿದ ಕೂಡಲೇ ಮೀಟರಿನಲ್ಲಿ ಕಡಿಮೆಯಾಗ್ತದೆ. ಇಳಿಯುತ್ತಾ ಇದ್ದದ್ದನ್ನು ತಟ್ಟನೆ ಹಿಡಿದರೆ ಹತ್ತಕ್ಕಿಂತ ಜಾಸ್ತಿ ಓಡ್ತದೆ. ಹೊಸ ಹುಡುಗರು ಅಲ್ಲೇ ತಪ್ಪು ಮಾಡುವುದು. ಮೀಟರ್ ಕಡಿಮೆ ತೋರಿಸಿದ ಕೂಡಲೇ ಭಾರ ಕಡಿಮೆಯಾಯಿತು ಅಂತ ಲೆಕ್ಕ ಹಾಕ್ಲಿಕ್ಕಿಲ್ಲ."

ನಾನು ಲಿಫ್ಟನ್ನು ಬಿಟ್ಟುಬಿಟ್ಟೆ. "ಈಗ ಆ ಹಗ್ಗವನ್ನೇ ಪೂರ್ತಿ ಬಿಟ್ಟರೆ?" ಎಂದು ಕೇಳಿದೆ.

"ಅಲ್ಲಾಹು ಕಾಪಾಡಲಿ. ಬಿಟ್ಟರೆ ಬೀಳುವಷ್ಟು ಹೊತ್ತು ಮೀಟರಿನಲ್ಲಿ ಸೊನ್ನೆ."

"ಆಗ ಸೆಳೆತ ಇಲ್ಲವೆಂದಾ?"

"ಸೆಳೆತ ಇದ್ದದ್ದಕ್ಕೇ ಅಲ್ವಾ ಸಾರ್ ಅದು ಬೀಳುವುದು!"

ಮಗಳ ಮುಖ ಅರಳಿತು. ಉಳಿದದ್ದನ್ನು ನಾನು ಸೇರಿಸಿದೆ. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಮುಂದಕ್ಕೆ ಓಡುತ್ತಲೇ ಭೂಮಿಯ ಕಡೆಗೆ ಬೀಳುತ್ತಿದೆ. ಆದರೆ ಭೂಮಿ ಉರುಟು. ಇದು ಎಷ್ಟು ಬೀಳುತ್ತದೋ ಅಷ್ಟೇ ನೆಲವೂ ಬಾಗಿ ತಗ್ಗುತ್ತದೆ. ಆದ್ದರಿಂದ ಬೀಳುತ್ತಲೇ ಇರುತ್ತದೆ, ನೆಲ ಸಿಗುವುದಿಲ್ಲ. ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು. ಒಳಗಿನ ಮನುಷ್ಯರೂ ಅದರ ಜತೆಗೇ ಬೀಳುತ್ತಿರುವುದರಿಂದ ಅವರ ಕಾಲಿಗೆ ನೆಲ ಒತ್ತುವುದಿಲ್ಲ. ಒತ್ತದಿದ್ದರೆ ಭಾರ ತಿಳಿಯುವುದಿಲ್ಲ. ಪತ್ರಿಕೆಯವರು 'ಶೂನ್ಯ ಗುರುತ್ವ' ಎನ್ನುವುದು ಈ ಭಾರವಿಲ್ಲದ ಸ್ಥಿತಿಯನ್ನು. ಸೊನ್ನೆಯಾದದ್ದು ಮೀಟರಿನ ಓದು, ಗುರುತ್ವವಲ್ಲ.

ಹೀಗೆ ಹೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಸೊನ್ನೆ ತೋರಿಸಿದ ಕೂಡಲೇ ಏನೂ ಇಲ್ಲ ಎಂದು ತಿಳಿಯಬಾರದು ಎಂಬ ಪಾಠವನ್ನು ನನಗೆ ಹೇಳಿಕೊಟ್ಟವರು ಯಾರೆಂದು ನನಗೆ ಗೊತ್ತಿತ್ತು. ಅವರಿಗೆ ಹೊಳೆಯಿತೋ ಇಲ್ಲವೋ ಗೊತ್ತಿಲ್ಲ.

ಹುಡುಗಿ ಇನ್ನೂ ಕೇಳುತ್ತಿದ್ದಳು. ಅಲ್ಲಿ ಬೀಜ ಬಿತ್ತಿದರೆ ಬೇರು ಯಾವ ಕಡೆ ಹೋಗಬೇಕು? ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳು ಭಾರಕ್ಕೆ ಕೆಳಗೆ ಕೂರುತ್ತವೆ, ಗಿಡಕ್ಕೆ 'ಕೆಳಗೆ' ಯಾವುದೆಂದು ತಿಳಿಯುವುದು ಅದರಿಂದ ಎಂದೆ. ಭಾರವೇ ತಿಳಿಯದ ಕಡೆ ಅದಕ್ಕೆ ಗೊಂದಲ. ಶುಕ್ಲಾ ಅವರು ಅಲ್ಲಿ ಮೊಳಕೆ ಬರಿಸಿದ ಹೆಸರುಕಾಳು ಮತ್ತು ಮೆಂತ್ಯದ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರದ್ದು ಎಂದಾಗ ತಂದೆ ಮಗಳು ಇಬ್ಬರೂ ಮುಖ ಮುಖ ನೋಡಿಕೊಂಡರು.

ಆಮೇಲೆ ನಾನು ಹಳೆಯ ಉತ್ತರವನ್ನು ತೆಗೆದೆ. ಅದನ್ನು ಮಗಳ ಎದುರಿಗೇ ಹೇಳಿದೆ. ನಗಿಸಲಿಕ್ಕಾಗಿ ಅಲ್ಲ. ಗುರು ಎಂದರೆ ಭಾರ ಎಂಬುದು, ಗ್ರಾವಿಸ್, ಮಿಸ್ಕಾಲ್, ಎಲ್ಲವನ್ನೂ ಹೇಳಿದೆ. "ನಿನ್ನ ತಂದೆ ಬರೆದದ್ದು ವಿಜ್ಞಾನದ ಉತ್ತರವಲ್ಲ, ಆದರೆ ಶಬ್ದದ ಬಾಗಿಲವರೆಗೆ ಒಬ್ಬರೇ ನಡೆದು ಹೋಗಿದ್ದರು. ಬಾಗಿಲು ತೆರೆಯುವ ಕೆಲಸ ನನ್ನದಾಗಿತ್ತು" ಎಂದೆ. ಒಳಗೆ ಹೋಗಿದ್ದರೆ ಅವರಿಗೆ ಎರಡು ವಿಷಯ ತಿಳಿಯುತ್ತಿತ್ತು. ಒಂದು, ಗುರುವಾದದ್ದು ಮಾತ್ರ ಸೆಳೆಯುವುದಲ್ಲ, ಲಘುವೂ ಸೆಳೆಯುತ್ತದೆ. ದ್ರವ್ಯರಾಶಿ ಇರುವ ಪ್ರತಿಯೊಂದೂ ಇನ್ನೊಂದನ್ನು ಸೆಳೆಯುತ್ತದೆ. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಎಂಬಾತ ಸುಮಾರು 158 ಕಿಲೋ ತೂಕದ ಸೀಸದ ಗುಂಡುಗಳು ಮುಕ್ಕಾಲು ಕಿಲೋದಷ್ಟಿದ್ದ ಸಣ್ಣ ಗುಂಡುಗಳನ್ನು ಎಷ್ಟು ಸೆಳೆಯುತ್ತವೆ ಎಂದು ಅಳೆದ. ಆ ಅಳತೆಯಿಂದಲೇ ಇಡೀ ಭೂಮಿ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರ ಎಂದು ಲೆಕ್ಕ ಹಾಕಿದ. ಒಂದು ಮೀಟರ್ ದೂರದಲ್ಲಿ ಕುಳಿತ ನಾವಿಬ್ಬರೂ ಒಬ್ಬರನ್ನೊಬ್ಬರು ಸೆಳೆಯುತ್ತಿದ್ದೇವೆ. ಆ ಸೆಳೆತ ಒಂದು ಮಿಲಿಗ್ರಾಮಿನ ನಲವತ್ತನೇ ಒಂದು ಪಾಲಿನ ಭಾರದಷ್ಟು. ಊರಿನ ಸೆಳೆತ, ಮನೆಯ ಸೆಳೆತ ಎನ್ನುವುದೆಲ್ಲ ಇದಲ್ಲ. ಅದಕ್ಕೆ ತಕ್ಕಡಿ ಇಲ್ಲ.

ಎರಡನೆಯದು, ಸೆಳೆತ ಎರಡೂ ಕಡೆ ಸಮ. ಭೂಮಿ ತೆಂಗಿನಕಾಯಿಯನ್ನು ಎಷ್ಟು ಬಲದಿಂದ ಸೆಳೆಯುತ್ತದೋ ತೆಂಗಿನಕಾಯಿಯೂ ಭೂಮಿಯನ್ನು ಅಷ್ಟೇ ಬಲದಿಂದ ಸೆಳೆಯುತ್ತದೆ. ಭೂಮಿ ದೊಡ್ಡದಾದ್ದರಿಂದ ಅದು ಅಲುಗಿದ್ದು ಕಾಣುವುದಿಲ್ಲ, ಕಾಯಿ ಬಿದ್ದದ್ದು ಮಾತ್ರ ಕಾಣುತ್ತದೆ. ಆ ಹುಡುಗ ಬರೆದದ್ದು ಗುರುಗಳ ಮೇಲೆ ಶಿಷ್ಯರಿಗೆ ಇರುವ ಆಕರ್ಷಣೆಯನ್ನು ಮಾತ್ರ. ಪೂರ್ತಿ ಅಂಕ ಬೇಕಿದ್ದರೆ ಶಿಷ್ಯರ ಮೇಲೆ ಗುರುವಿಗೆ ಇರಬೇಕಾದದ್ದನ್ನೂ ಬರೆಯಬೇಕಿತ್ತು. ಅದನ್ನು ಬರೆಯಲು ಅವನಿಗೆ ಉದಾಹರಣೆ ಎಲ್ಲಿ ಸಿಕ್ಕಿತ್ತು?

ಇಷ್ಟಕ್ಕೂ ಪುಸ್ತಕದ ಸರಿ ಉತ್ತರವೂ ಅಲ್ಲಿಗೇ ನಿಂತಿಲ್ಲ. ಮೇಲಿನಿಂದ ಬೀಳುವ ಮನುಷ್ಯನಿಗೆ ತನ್ನ ಭಾರವೇ ತಿಳಿಯುವುದಿಲ್ಲ ಎಂಬ ಯೋಚನೆ 1907ರಲ್ಲಿ ಐನ್‌ಸ್ಟೈನರಿಗೆ ಹೊಳೆಯಿತು. ಕ್ರೇನಿನ ಮೀಟರಿನ ಸೊನ್ನೆಯೇ ಅದು. ಅಲ್ಲಿಂದ ಹೊರಟು 1915ರಲ್ಲಿ ಅವರು, ಗುರುತ್ವ ಸೆಳೆತವೇ ಅಲ್ಲ, ದೇಶಕಾಲದ ಬಾಗುವಿಕೆ ಎಂದರು. ಕ್ರೇನು ನಡೆಸಲು ನ್ಯೂಟನ್ ಸಾಕು. ಆದರೆ ನಮ್ಮ ಶಬ್ದದಲ್ಲಿ 'ಗುರು'ವೂ ಪೂರ್ತಿ ಸರಿಯಲ್ಲ, 'ಆಕರ್ಷಣೆ'ಯೂ ಪೂರ್ತಿ ಸರಿಯಲ್ಲ ಎಂದಾಯಿತು. ತಿಳುವಳಿಕೆ ಮುಂದೆ ಹೋಗಿದೆ, ಶಬ್ದ ಹಳೆಯ ಜಾಗದಲ್ಲೇ ನಿಂತು ದಾರಿ ತೋರಿಸುತ್ತಿದೆ. ದಾರಿ ತೋರಿಸುವ ಕಲ್ಲನ್ನೇ ಊರು ಎಂದು ತಿಳಿದರೆ ತಪ್ಪು. ಕಲ್ಲು ನೋಡಿ ದಾರಿ ಊಹಿಸಿದವನನ್ನು ನೋಡಿ ನಗುವುದು ಅದಕ್ಕಿಂತ ದೊಡ್ಡ ತಪ್ಪು.

ಹೊರಡುವ ಹೊತ್ತಿಗೆ ಮಳೆ ನಿಂತಿತ್ತು. ಹುಡುಗಿ ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ತಂದೆಯ ಕೈ ಹಿಡಿದು, "ಅವತ್ತು ನಾನು ಅದನ್ನು ಓದಿ ಹೇಳಬಾರದಿತ್ತು. ಮಾಫ್ ಮಾಡಬೇಕು" ಎಂದೆ.

"ಬಿಡಿ ಸಾರ್, ಅದೆಲ್ಲ ಹಳೇ ಕತೆ" ಎಂದರು. ಕೊಡೆ ಕೈಗೆತ್ತಿಕೊಂಡವರು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರು. "ಒಂದು ಮಾತು ಸಾರ್. ಅದರ ನಂತರ ನಾನು ಶಾಲೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಇವಳು ಕೇಳ್ತಾಳೆ. ಯಾರಾದರೂ ನಕ್ಕು ಇವಳ ಬಾಯಿ ಮುಚ್ಚಿಸುವ ಮೊದಲು ನಿಮ್ಮ ಹತ್ತಿರ ಕರ್ಕೊಂಡು ಬರ್ಬೇಕು ಅಂತ ಅನಿಸಿತು."

ಯಾರು ನಕ್ಕರೋ ಅವರ ಬಳಿಗೇ ಯಾಕೆ ಕರೆತಂದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರಿಬ್ಬರೂ ಗೇಟು ದಾಟುವವರೆಗೆ ನೋಡುತ್ತಾ ನಿಂತೆ. ಜಗಲಿಯಲ್ಲಿ ತಂದೆಯ ತಕ್ಕಡಿ ಇನ್ನೂ ತೂಗುತ್ತಿತ್ತು. ಎರಡೂ ತಟ್ಟೆ ಖಾಲಿ ಇದ್ದವು. ಮುಳ್ಳು ನೆಟ್ಟಗಾಗುವವರೆಗೆ ಕಾದು, ಆಮೇಲೆ ಒಳಗೆ ತೆಗೆದಿಟ್ಟೆ.